ಕಿಟಕಿಯಲ್ಲಿ ಕಡಲು ಕಂಡರೆ ಸಾಕೇ?

ಸಹೋದರಿಯರೇ, ಶಾಲೆಗಳಿಗೆ ರಜೆ ಬಂತೆಂದರೆ ಮಂಗಳೂರಿನಲ್ಲಿರುವ ನಮ್ಮಂಥವರಿಗೆ ಒಂದು ಹೆಚ್ಚಿನ ಕೆಲಸ ಬಂದು ಸೇರಿಕೊಳ್ಳುತ್ತದೆ. ಘಟ್ಟದ ಮೇಲಿನ ನೆಂಟರು, ನೆಂಟರ ನೆಂಟರು, ಹಿಂದೊಮ್ಮೆ ಯಾವುದೋ ಮದುವೆಯಲ್ಲಿ ಪರಿಚಯವಾದವರು ಎಲ್ಲರೂ ಫೋನ್ ಮಾಡುತ್ತಾರೆ. "ಎರಡು ದಿನ ಮಂಗಳೂರಿಗೆ ಬರುತ್ತಿದ್ದೇವೆ. ಸಮುದ್ರದ ಹತ್ತಿರ ಒಂದು ಒಳ್ಳೆಯ ಹೋಟೆಲ್ ಹೇಳಿ. ಊರೊಳಗೇ ಇರಬೇಕು, ನಡೆದು ಹೋಗುವ ಹಾಗಿರಬೇಕು, ಹೆಂಗಸರು ಮಕ್ಕಳು ಇದ್ದಾರೆ, ಏನೂ ತೊಂದರೆಯಾಗಬಾರದು, ಬಾಡಿಗೆ ಜಾಸ್ತಿ ಇರಬಾರದು." ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ನಾನು ದಾವಣಗೆರೆಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಮ್ಮ ತವರಿನವರಿಗೆ ನಾನು ಇಲ್ಲಿನ ವಿಚಾರಣಾ ಕೇಂದ್ರವಿದ್ದಂತೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮಂಗಳೂರು ಕಡಲ ತಡಿಯ ಊರು ಎಂಬುದು ನಿಜ. ಆದರೆ ಹಂಪನಕಟ್ಟೆಯಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಕಡಲು ಸಿಗುತ್ತದೆಂದು ತಿಳಿದರೆ ನಿರಾಸೆಯಾಗುತ್ತದೆ. ದಕ್ಷಿಣದ ಕಡೆಯಿಂದ ನೇತ್ರಾವತಿ, ಉತ್ತರದ ಕಡೆಯಿಂದ ಗುರುಪುರ ನದಿ (ಫಲ್ಗುಣಿ ಎಂದೂ ಹೇಳುತ್ತಾರೆ) ಊರನ್ನು ಬಳಸಿಕೊಂಡು ಬಂದು ಅಳಿವೆಬಾಗಿಲಿನಲ್ಲಿ ಒಂದಾಗಿ ಕಡಲು ಸೇರುತ್ತವೆ. ಊರಿನ ಪಕ್ಕಕ್ಕೆ ನದಿ, ನದಿಯಾಚೆ ಬೆಂಗ್ರೆಯ ಮರಳಿನ ಪಟ್ಟಿ, ಅದರಾಚೆ ಅರಬ್ಬಿ ಸಮುದ್ರ. ಕೋಝಿಕ್ಕೋಡಿನ ಬೀಚ್ ನೋಡಿದವರಿಗೆ ಗೊತ್ತು, ಅಲ್ಲಿ ರಸ್ತೆ ದಾಟಿದರೆ ಕಡಲು. ಮುಂಬೈಯ ಮರೀನ್ ಡ್ರೈವ್‌ನಲ್ಲಿಯೂ ಹಾಗೆಯೇ. ಗಲ್ಫ್‌ನಲ್ಲಿದ್ದು ಬಂದ ಸಹೋದರಿಯರಂತೂ ಜಿದ್ದಾ, ದೋಹಾ, ಅಬುಧಾಬಿಗಳ ಕಾರ್ನಿಶ್ ಬಗ್ಗೆ ಕಣ್ಣರಳಿಸಿ ಹೇಳುತ್ತಾರೆ. ಮಗ್ರಿಬ್ ಆದ ಮೇಲೆ ಮಕ್ಕಳನ್ನು ಕರೆದುಕೊಂಡು, ಫ್ಲಾಸ್ಕ್‌ನಲ್ಲಿ ಚಹಾ ತುಂಬಿಸಿಕೊಂಡು ನೀರಿನ ಬದಿಯಲ್ಲಿ ನಡೆಯುವುದು ಅಲ್ಲಿ ಮನೆಮನೆಯ ರೂಢಿ. ಅಂಥ ಹಾದಿ ನಮ್ಮ ಮಂಗಳೂರಿನ ನಡುವೆ ಇಲ್ಲ. ಇಲ್ಲಿ ನೀರು ಬೇಕೆಂದರೆ ಹುಡುಕಬೇಕು, ಯಾವ ನೀರು ಬೇಕೆಂದು ಮೊದಲೇ ತೀರ್ಮಾನಿಸಬೇಕು.

ಕಳೆದ ಡಿಸೆಂಬರಿನಲ್ಲಿ ಈ ಹುಡುಕಾಟ ನನ್ನ ಸ್ವಂತ ಆಪಾಳಿಗಾಗಿಯೇ ನಡೆಯಿತು. ಆಕೆಗೆ ಅರವತ್ತೆರಡು ವರ್ಷ. ಜೂನ್ ತಿಂಗಳಲ್ಲಿ ಬಲಗಾಲಿನ ಮೊಣಗಂಟನ್ನು ಬದಲಿಸುವ ಶಸ್ತ್ರಚಿಕಿತ್ಸೆಯಾಗಿತ್ತು. ಡಾಕ್ಟರು ದಿನಕ್ಕೆ ಅರ್ಧ ಗಂಟೆ ಸಮತಟ್ಟಾದ ನೆಲದಲ್ಲಿ ನಡೆಯಬೇಕೆಂದು ಹೇಳಿದ್ದರು. ಆಪಾ ನಡೆಯುತ್ತಿರಲಿಲ್ಲ. ಮನೆಯಲ್ಲಿ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ಓಡಾಡುವುದನ್ನೇ ನಡಿಗೆ ಎಂದು ಲೆಕ್ಕ ಹಾಕುತ್ತಿದ್ದಳು. ಬೀದಿಗಿಳಿದು ಸುಮ್ಮನೆ ನಡೆದು ವಾಪಸ್ ಬರುವುದೆಂದರೆ ಆಕೆಗೆ ನಾಚಿಕೆ. "ಕೆಲಸವಿಲ್ಲದೆ ಹೆಂಗಸು ರಸ್ತೆಯಲ್ಲಿ ನಡೆಯುವುದೇ? ಕಂಡವರು ಏನೆಂದುಕೊಂಡಾರು?" ಎನ್ನುತ್ತಿದ್ದಳು. ಈ ಮಾತನ್ನು ನಿಮ್ಮ ಮನೆಯಲ್ಲಿಯೂ ಯಾರಾದರೂ ಹಿರಿಯರು ಹೇಳಿರುತ್ತಾರೆ. ನಮ್ಮ ಹೆಂಗಸರು ಪ್ರವಾಸ ಹೋದರೂ ಕಾರಿನಿಂದಿಳಿದು, ಫೋಟೋ ತೆಗೆಸಿಕೊಂಡು, ಮತ್ತೆ ಕಾರು ಹತ್ತುವುದೇ ಹೆಚ್ಚು.

ಅಂಥ ಆಪಾ ನವೆಂಬರಿನಲ್ಲಿ ತಾನಾಗಿಯೇ ಫೋನ್ ಮಾಡಿ, "ನೀರಿನ ಹತ್ತಿರ ಮೂರು ದಿನ ಇರಬೇಕು, ನಡೆಯಬೇಕು, ಒಂದು ಜಾಗ ನೋಡು" ಎಂದಾಗ ನನಗೆ ಆಶ್ಚರ್ಯವೇ ಆಯಿತು. ಆಕೆಯ ಮಗನಿಗೆ ಇದು ಹಿಡಿಸಲಿಲ್ಲ. "ಖಾಲಾ, ನಿಮ್ಮ ಮನೆ ಇರುವಾಗ ಹೋಟೆಲ್ ಯಾಕೆ? ದುಡ್ಡು ದಂಡ ಅಲ್ವಾ?" ಎಂದು ನನ್ನನ್ನೇ ಕೇಳಿದ. ನಮ್ಮದು ಮೂರನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ, ಐವತ್ತನಾಲ್ಕು ಮೆಟ್ಟಿಲು. ಅದೊಂದು ಕಾರಣ. ಆದರೆ ಆಪಾ ಹೇಳಿದ ಕಾರಣವೇ ಬೇರೆ. "ನಿನ್ನ ಮನೆಗೆ ಬಂದರೆ ನೀನು ಬೆಳಗ್ಗೆದ್ದು ಒಲೆ ಮುಂದೆ ನಿಲ್ಲುತ್ತೀ, ನಾನು ನಿನ್ನ ಜೊತೆ ಈರುಳ್ಳಿ ಹೆಚ್ಚುತ್ತಾ ಕೂರುತ್ತೇನೆ. ನಲವತ್ತು ವರ್ಷದಿಂದ ಒಂದೋ ಮನೆಯೊಡತಿಯಾಗಿದ್ದೇನೆ, ಇಲ್ಲಾ ನೆಂಟಳಾಗಿದ್ದೇನೆ. ಮೂರು ದಿನ ಎರಡೂ ಆಗದೆ ಇರುವ ಆಸೆ." ಅದಕ್ಕೆ ಮಗನಲ್ಲಿಯೂ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ.

ಹಾಗಾಗಿ ಆಪಾ, ಆಕೆಯ ಮಗಳು, ಒಂಬತ್ತು ವರ್ಷದ ಮೊಮ್ಮಗಳು, ಈ ಮೂವರಿಗೆ ಮೂರು ರಾತ್ರಿಯ ವಸತಿ ಹುಡುಕಬೇಕಾಯಿತು. ನಾನು ಹುಡುಕಿದ್ದು ಹೇಗೆಂದು ಹೇಳುತ್ತೇನೆ. ಹೋಟೆಲುಗಳ ಹೆಸರು ಮಾತ್ರ ಕೇಳಬೇಡಿ. ಇಂದು ಚೆನ್ನಾಗಿರುವುದು ಮ್ಯಾನೇಜರ್ ಬದಲಾದರೆ ನಾಳೆ ಕೆಟ್ಟಿರುತ್ತದೆ. ಜಾಗ ಮಾತ್ರ ಬದಲಾಗುವುದಿಲ್ಲ.

ಕಡಲೇ ಬೇಕೆನ್ನುವವರಿಗೆ ಎರಡು ದಿಕ್ಕುಗಳಿವೆ. ಉತ್ತರಕ್ಕೆ ತಣ್ಣೀರುಬಾವಿ, ಪಣಂಬೂರು, ಇನ್ನೂ ಮುಂದೆ ಸುರತ್ಕಲ್. ದಕ್ಷಿಣಕ್ಕೆ ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ, ಸೋಮೇಶ್ವರ. ಪಣಂಬೂರಾಗಲಿ ಸೋಮೇಶ್ವರವಾಗಲಿ ಹಂಪನಕಟ್ಟೆಯಿಂದ ಸುಮಾರು ಹತ್ತು ಹನ್ನೆರಡು ಕಿಲೋಮೀಟರ್. ಪಣಂಬೂರಿನ ಪಕ್ಕದಲ್ಲಿಯೇ 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರು ಇದೆ. ಅದರಿಂದಾಗಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಟ್ಯಾಂಕರುಗಳೂ ಕಂಟೇನರ್ ಲಾರಿಗಳೂ ಎಡೆಬಿಡದೆ ಓಡುತ್ತವೆ. ಬೀಚಿಗೆ ಹತ್ತಿರ ಎಂದು ಹೆದ್ದಾರಿಯ ಆಚೆ ಬದಿಯಲ್ಲಿ ರೂಮು ಹಿಡಿದರೆ, ಕೋಲು ಹಿಡಿದು ನಡೆಯುವ ಆಪಾ ಆ ರಸ್ತೆಯನ್ನು ದಾಟುವುದು ಹೇಗೆ?

ಇನ್ನೊಂದು ವಿಷಯ. "ಬೀಚ್ ರೆಸಾರ್ಟ್" ಎಂದು ಬೋರ್ಡು ಹಾಕಿಕೊಂಡ ಮಾತ್ರಕ್ಕೆ ಬಾಗಿಲು ತೆರೆದರೆ ಅಲೆ ಎಂದು ಅರ್ಥವಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಲ್ಲಿ ಬಂತು. ಭರತದ ಗೆರೆಯಿಂದ 500 ಮೀಟರಿನೊಳಗೆ ಕಟ್ಟಡ ಕಟ್ಟಲು ಅದು ಹಲವು ನಿರ್ಬಂಧಗಳನ್ನು ಹಾಕಿತು. ನಂತರ 2011ರಲ್ಲಿ, 2019ರಲ್ಲಿ ಅದು ತಿದ್ದುಪಡಿಯಾಗಿ ಬಂದಿದೆ. ಆದ್ದರಿಂದ ಅನೇಕ ವಸತಿಗೃಹಗಳು ಕಡಲಿನಿಂದ ಹಿಂದೆ ಸರಿದು ನಿಂತಿವೆ. ಆ ನಡುವಿನ ಜಾಗ ಎಂಥದೆಂದು ನೀವು ಕೇಳಬೇಕು. ತೆಂಗಿನ ತೋಟವೇ, ಮೀನುಗಾರರ ಮನೆಗಳ ನಡುವಿನ ಓಣಿಯೇ, ಬೆಳಕಿಲ್ಲದ ಮರಳೇ? ಉಳ್ಳಾಲದ ಕಡೆಯಂತೂ ಕಡಲ್ಕೊರೆತ ಎಷ್ಟೋ ವರ್ಷಗಳಿಂದ ಮನೆಗಳನ್ನು ನುಂಗುತ್ತಾ ಬಂದಿದೆ. ಅಲೆ ತಡೆಯಲು ಹಾಕಿದ ದೊಡ್ಡ ದೊಡ್ಡ ಕಲ್ಲುಗಳ ರಾಶಿಯೇ ಕೆಲವೆಡೆ ದಡವಾಗಿದೆ. ಅಲ್ಲಿ ನಿಂತು ನೋಡಬಹುದು, ನಡೆಯಲಾಗದು.

ಆಪಾಳ ಕಾಲಿಗೆ ಮರಳೂ ಅಷ್ಟೇನೂ ಒಳ್ಳೆಯದಲ್ಲ. ಒಣ ಮರಳಿನಲ್ಲಿ ಹೆಜ್ಜೆ ಕುಸಿಯುತ್ತದೆ, ಪಾದ ಒಂದು ಕಡೆಗೆ ವಾಲುತ್ತದೆ, ಮೊಣಗಂಟಿಗೆ ಸೆಳೆತ ಬೀಳುತ್ತದೆ. ಇಳಿತದ ಹೊತ್ತಿನಲ್ಲಿ ಮಾತ್ರ ನೀರು ಬಿಟ್ಟುಹೋದ ಒದ್ದೆ ಮರಳು ಸಿಮೆಂಟಿನ ನೆಲದಂತೆ ಗಟ್ಟಿಯಾಗಿರುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದರಿಂದ ಮತ್ತೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ. ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಈ ದಿನ ಸಂಜೆ ಐದಕ್ಕೆ ಇಳಿತವಿದ್ದರೆ ನಾಳೆ ಆರರ ಹತ್ತಿರ. ಮೀನಿನವರನ್ನು ಕೇಳಿದರೆ ಕೈಗಡಿಯಾರ ನೋಡದೆಯೇ ಹೇಳುತ್ತಾರೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡಲನ್ನು ದೂರದಿಂದ ನೋಡಬೇಕೇ ಹೊರತು ಹತ್ತಿರ ಹೋಗಬಾರದು. ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧಿಸಿರುತ್ತಾರೆ. ಕಡಲಲ್ಲೇ ಬದುಕಿದವರು ದಡದಲ್ಲಿರುವಾಗ ಘಟ್ಟದಿಂದ ಬಂದ ನಮ್ಮ ಹುಡುಗರು ನೀರಿಗಿಳಿಯುತ್ತಾರೆ. ಪ್ರತಿ ವರ್ಷ ಪತ್ರಿಕೆಗಳಲ್ಲಿ ನೀರುಪಾಲಾದವರ ಸುದ್ದಿ ಓದುತ್ತೇವಲ್ಲ? ಮಳೆಗಾಲ ಕಳೆದ ಮೇಲೂ ಒಳಸೆಳೆತದ ಭಯ ಇದ್ದೇ ಇದೆ. ಎರಡು ಕಡೆ ಅಲೆ ಮುರಿಯುತ್ತಾ ನಡುವೆ ಒಂದು ಜಾಗದಲ್ಲಿ ಮಾತ್ರ ನೀರು ಶಾಂತವಾಗಿ ಕಂಡರೆ, ಮಕ್ಕಳಿಗೆ ಅದೇ ಒಳ್ಳೆಯ ಜಾಗವೆಂದು ತೋರುತ್ತದೆ. ನೀರು ಹಿಂದಕ್ಕೆ ಸೆಳೆಯುವುದು ಅಲ್ಲಿಯೇ. ಸಿಕ್ಕಿಹಾಕಿಕೊಂಡವರು ದಡದ ಕಡೆಗೆ ಈಜಲು ಒದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟು ಕರೆತನ್ನಿ. ಪಣಂಬೂರಿನಲ್ಲಿ ಜೀವರಕ್ಷಕರಿದ್ದಾರೆ. ಅವರ ಸೀಟಿಗೆ ಬೆಲೆ ಕೊಡಿ.

ಸರಿ, ಕಡಲಿನ ಬದಿ ಆಪಾಳಿಗೆ ಹೊಂದುವುದಿಲ್ಲವೆಂದಾಯಿತು. ಉಳಿದದ್ದು ನದಿ. ಇಲ್ಲಿಯೇ ಒಂದು ಅನುಕೂಲ ಕಂಡಿತು. ಮಂಗಳೂರು ಏರುತಗ್ಗುಗಳ ಊರು. ಬಾವುಟಗುಡ್ಡೆ, ಬಲ್ಮಠ, ಬಿಜೈ, ಕದ್ರಿ ಎಲ್ಲಿ ಹೋದರೂ ಒಂದು ಏರು, ಒಂದು ಇಳಿಜಾರು. ಮೊಣಕಾಲಿನ ಮಂದಿಗೆ ಏರಿಗಿಂತ ಇಳಿಯುವುದೇ ಕಷ್ಟ. ಸಮತಟ್ಟು ನೆಲ ಸಿಗುವುದು ಗುಡ್ಡದ ಕೆಳಗೆ, ನದಿಯ ಪಕ್ಕದ ಬಂದರು, ಕುದ್ರೋಳಿ, ಬೋಳೂರು, ಬೋಳಾರ, ಜಪ್ಪಿನಮೊಗರುಗಳಲ್ಲಿ. ಅಂದರೆ ನೀರೂ ಅಲ್ಲೇ, ಸಮತಟ್ಟೂ ಅಲ್ಲೇ.

ಹಾಗೆಂದು ನದಿಯ ದಂಡೆಯೆಲ್ಲ ನಡಿಗೆಗೆ ಯೋಗ್ಯವಲ್ಲ. ಹಳೆ ಬಂದರಿನಲ್ಲಿ ನಡೆಯುವುದು ಬೆಳಗಿನ ಹೊತ್ತಿನಲ್ಲಿ ನನಗೆ ತುಂಬಾ ಇಷ್ಟ. ಒಣಮೆಣಸು, ಅಡಿಕೆ, ಒಣಮೀನಿನ ವಾಸನೆ, ಹೆಂಚಿನ ಮಾಡಿನ ಹಳೆಯ ಗೋದಾಮುಗಳು, ಮರದ ಕೆತ್ತನೆಗೆ ಹೆಸರಾದ ಝೀನತ್ ಬಕ್ಷ್ ಜುಮಾ ಮಸೀದಿ, ಬೆಂಗ್ರೆಗೆ ಹೋಗುವ ಫೆರಿ ಎಲ್ಲವೂ ಅಲ್ಲಿವೆ. ಆದರೆ ಮೀನುಗಾರಿಕಾ ಧಕ್ಕೆಯ ಸುತ್ತಮುತ್ತ ನೆಲ ಸದಾ ಒದ್ದೆ, ಐಸ್ ಲಾರಿ, ಮೀನಿನ ಲಾರಿಗಳ ಅವಸರ. ಹೊಸ ಮೊಣಕಾಲಿನವರು ಜಾರಿದರೆ ಗತಿಯೇನು? ನೇತ್ರಾವತಿಯ ದಂಡೆಯಲ್ಲಿ ನಡಿಗೆಯ ಹಾದಿ ಮಾಡುವ ಯೋಜನೆಯೊಂದು ಸ್ಮಾರ್ಟ್ ಸಿಟಿಯ ಕೆಲಸಗಳ ಜೊತೆ ಬಂತು. ಮಂಗಳೂರು ಆ ಪಟ್ಟಿಗೆ ಸೇರಿದ್ದು 2016ರಲ್ಲಿ. ಕಾಂಡ್ಲಾ ಗಿಡಗಳಿಗೆ ಅದರಿಂದ ಪೆಟ್ಟು ಬೀಳುತ್ತದೆಂದು ಪರಿಸರದವರು ಆಕ್ಷೇಪ ಎತ್ತಿದ್ದೂ ಉಂಟು. ಅತ್ತ ಕಡೆ ಉಳಿಯುವವರು ಹಾದಿಯಲ್ಲಿ ನೆರಳು, ದೀಪ, ಕುಳಿತುಕೊಳ್ಳಲು ಕಟ್ಟೆ ಎಲ್ಲೆಲ್ಲಿ ಇದೆಯೆಂದು ಒಮ್ಮೆ ಕಣ್ಣಾರೆ ನೋಡಿಕೊಂಡೇ ಮುಂಗಡ ಕೊಡುವುದು ಒಳ್ಳೆಯದು.

ನನ್ನ ಮನಸ್ಸು ಹೋದದ್ದು ಬೋಳೂರಿನ ಸುಲ್ತಾನ್ ಬತ್ತೇರಿಯ ಕಡೆಗೆ. ಗುರುಪುರ ನದಿಯೊಳಗೆ ವೈರಿಗಳ ಹಡಗು ನುಗ್ಗದಂತೆ ಕಾವಲು ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ದೊಡ್ಡ ಕೋಟೆಯ ಪುಟ್ಟ ಮಗುವಿನಂತಿದೆ. ಅದರ ಪಕ್ಕದಲ್ಲಿಯೇ ನದಿ, ನದಿಯಾಚೆ ತೆಂಗಿನ ಸಾಲು. ಅಲ್ಲಿಂದ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ತಣ್ಣೀರುಬಾವಿಯ ದಡ, ಅಲ್ಲಿಂದ ಸ್ವಲ್ಪ ನಡೆದರೆ ಕಡಲು. ದೋಣಿ ಯಾವಾಗಲೂ ಇರುತ್ತದೆಂದು ನಂಬಬೇಡಿ. ಮಳೆ ಗಾಳಿ ಇದ್ದರೆ ನಿಲ್ಲಿಸುತ್ತಾರೆ, ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹೋಗುವಾಗಲೇ ಕೇಳಿಟ್ಟುಕೊಳ್ಳಬೇಕು.

ಹೀಗೆ ಜಾಗ ಗೊತ್ತಾದ ಮೇಲೆ ವಸತಿ ಹುಡುಕಲು ಹೊರಟೆ. ಮೊಬೈಲಿನ ನಕ್ಷೆ ದೂರವನ್ನು ಹೇಳುತ್ತದೆ, 700 ಮೀಟರ್, 900 ಮೀಟರ್ ಎಂದು. ಆರೋಗ್ಯವಂತರು ಹತ್ತು ನಿಮಿಷದಲ್ಲಿ 700 ಮೀಟರ್ ನಡೆದಾರು. ಆಪಾ ಅಷ್ಟೇ ಹೊತ್ತಿನಲ್ಲಿ ನಡೆಯುವುದು 400. ಅದೂ ಫುಟ್‌ಪಾತ್ ಇದ್ದರೆ. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬಿಟ್ಟಿರಬೇಕು, ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರವಿರಬಾರದು. ನಾನು ಹೋದ ದಾರಿಗಳಲ್ಲಿ ಕೆಲವೆಡೆ ಕಲ್ಲು ಮೊಣಕಾಲಿನವರೆಗೆ, ಕೆಲವೆಡೆ ಚರಂಡಿಯ ಚಪ್ಪಡಿಯೇ ಫುಟ್‌ಪಾತ್, ಅದರ ನಡುವೆ ವಿದ್ಯುತ್ ಕಂಬ. ಟೇಪು ಹಿಡಿದು ಅಳೆಯಬೇಕಾಗಿಲ್ಲ. ಒಬ್ಬಳು ಕೋಲು ಹಿಡಿದು, ಇನ್ನೊಬ್ಬಳು ಆಕೆಯ ಕೈ ಹಿಡಿದು ಜೊತೆಜೊತೆಯಾಗಿ ನಡೆಯಬಹುದೇ ಎಂದು ನೋಡಿದರೆ ಸಾಕು.

ಆ ದಾರಿಯನ್ನು ನಾನು ಎರಡು ಸಲ ನಡೆದೆ. ಮಧ್ಯಾಹ್ನ ಒಮ್ಮೆ, ಮಗ್ರಿಬ್ ಆಗಿ ಅರ್ಧ ಗಂಟೆಯ ನಂತರ ಒಮ್ಮೆ. ಎರಡೂ ಒಂದೇ ದಾರಿ ಎಂದು ನಂಬುವುದು ಕಷ್ಟ. ಹಗಲು ನೆಮ್ಮದಿಯಾಗಿ ಕಂಡ ಒಂದು ತಿರುವಿನಲ್ಲಿ ರಾತ್ರಿ ದೀಪವೇ ಇಲ್ಲ, ನಾಯಿಗಳ ಗುಂಪು ಬೇರೆ. ಹಗಲು ಗಿಜಿಗುಡುತ್ತದೆಂದು ಬೇಡವೆನಿಸಿದ ಇನ್ನೊಂದು ಬೀದಿಯಲ್ಲಿ ರಾತ್ರಿ ಎಂಟೂವರೆಗೂ ದಿನಸಿ ಅಂಗಡಿ, ಮೆಡಿಕಲ್, ಬೇಕರಿ ತೆರೆದಿದ್ದವು. ಹೆಂಗಸರು ಚೀಲ ಹಿಡಿದು ಓಡಾಡುತ್ತಿದ್ದರು. ಸಹೋದರಿಯರೇ, ಯಾವ ಬೀದಿಯಲ್ಲಿ ಆ ಊರಿನ ಹೆಂಗಸರೇ ಸಂಜೆ ಹೊತ್ತು ಓಡಾಡುತ್ತಾರೋ ಅಲ್ಲಿ ನಮಗೂ ತೊಂದರೆಯಿಲ್ಲ. ನಾನು ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಕಂಡಿಲ್ಲ. ದೂರದ ಊರಿನಿಂದ ಬರುವವರು ಇದನ್ನು ಹೇಗೆ ಮಾಡುವುದು ಎನ್ನುತ್ತೀರಾ? ಊರಿನಲ್ಲಿ ಪರಿಚಯದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹೋಟೆಲ್ ಹೆಸರು ಕೇಳುವ ಬದಲು, ಈ ದಾರಿಯಲ್ಲಿ ಒಮ್ಮೆ ಸಂಜೆ ಏಳಕ್ಕೆ ನಡೆದು ನೋಡಿ ಹೇಳಿ ಎಂದು ಕೇಳಿಕೊಳ್ಳಿ.

ಮೊದಲು ಹೋದ ವಸತಿಗೃಹದಲ್ಲಿ ಮೂರನೇ ಮಹಡಿಯ ಕಿಟಕಿಯಿಂದ ನದಿ ಚೆನ್ನಾಗಿ ಕಾಣುತ್ತಿತ್ತು. ಆದರೆ ಕೆಳಗಿಳಿದರೆ ನದಿಗೆ ದಾರಿಯಿಲ್ಲ. ನಡುವೆ ಯಾರದೋ ಖಾಸಗಿ ಜಾಗದ ಗೋಡೆ. ಸುತ್ತಿ ಬರಲು ಒಂದೂವರೆ ಕಿಲೋಮೀಟರ್. ನೋಟಕ್ಕೆಂದೇ ದಿನಕ್ಕೆ ಎಂಟುನೂರು ರೂಪಾಯಿ ಹೆಚ್ಚು ಕೇಳಿದರು.

ಎರಡನೆಯದರಲ್ಲಿ ಆದ ಅನುಭವ ಬೇರೆ ರೀತಿಯದು. ದಾರಿ ಚೆನ್ನಾಗಿತ್ತು, ರೂಮು ಚೊಕ್ಕಟವಾಗಿತ್ತು. ಬರುವವರು ಮೂವರೂ ಹೆಂಗಸರು ಎಂದಾಗ ಕೌಂಟರಿನಲ್ಲಿದ್ದವರ ಮುಖ ಬದಲಾಯಿತು.

"ಗಂಡಸರು ಯಾರೂ ಇಲ್ವಾ ಮೇಡಂ? ಹಾಗಾದ್ರೆ ಕಷ್ಟ."

"ಯಾಕೆ? ಹಾಗೊಂದು ಕಾನೂನುಂಟಾ?"

"ಕಾನೂನು ಅಂತಲ್ಲ, ನಮ್ಮ ಮಾಲಕರು ಹೇಳಿದ್ದು. ನಾಳೆ ಏನಾದ್ರೂ ಆದ್ರೆ ನಮ್ಗೆ ತಲೆನೋವು."

ಗಂಡಸರು ಜೊತೆಗಿಲ್ಲದೆ ಹೆಂಗಸರಿಗೆ ಕೋಣೆ ಕೊಡಬಾರದೆಂದು ಈ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಗುರುತಿನ ಚೀಟಿ ಕೊಡಬೇಕು, ರಿಜಿಸ್ಟರಿನಲ್ಲಿ ಹೆಸರು ವಿಳಾಸ ಬರೆಯಬೇಕು, ಅಷ್ಟೆ. ನಾನು ಅಲ್ಲಿ ವಾದಕ್ಕೆ ನಿಲ್ಲಲಿಲ್ಲ. ನಮ್ಮನ್ನು ತಲೆನೋವು ಎಂದುಕೊಂಡವರ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಆಪಾಳಿಗೆ ಎದೆನೋವು ಬಂದರೆ ಅವರು ಎದ್ದು ಬಂದಾರೆಯೇ? ಅಂಥಲ್ಲಿ ಉಳಿಯದಿರುವುದೇ ಲೇಸು.

ಸುರಕ್ಷತೆ ಎಂಬ ಮಾತಿಗೆ ನಮಗೆ ಇನ್ನೂ ಒಂದು ಅರ್ಥವಿದೆ. ಅದನ್ನು ಮುಚ್ಚಿಡುವುದೇಕೆ? ಆಪಾಳ ಮೈದುನರು, "ಮಂಗಳೂರೇ? ಪೇಪರಿನಲ್ಲಿ ಏನೇನೆಲ್ಲ ಬರುತ್ತದಲ್ಲ?" ಎಂದು ಹುಬ್ಬು ಗಂಟಿಕ್ಕಿದ್ದರಂತೆ. 2009ರ ಜನವರಿಯಲ್ಲಿ ಪಬ್ಬೊಂದರಲ್ಲಿ ಹುಡುಗಿಯರ ಮೇಲೆ ಕೈ ಮಾಡಿದ್ದು, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಹಲ್ಲೆ ಮಾಡಿದ್ದು, 2023ರ ಜೂನ್‌ನಲ್ಲಿ ಸೋಮೇಶ್ವರದ ಕಡಲ ಬದಿಯಲ್ಲಿ ಸಹಪಾಠಿಗಳ ಜೊತೆ ಬಂದಿದ್ದ ಕೇರಳದ ವಿದ್ಯಾರ್ಥಿಗಳಿಗೆ ಹೊಡೆದದ್ದು ಎಲ್ಲವೂ ನಡೆದದ್ದೇ. ಈ ಊರಿನಲ್ಲಿ ಹೆಣ್ಣುಮಕ್ಕಳನ್ನು ಬೆಳೆಸಿದ ನನಗೆ ಅದು ಮರೆತುಹೋಗುವ ಮಾತಲ್ಲ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟವರೂ, ಮಳೆಯಲ್ಲಿ ರಿಕ್ಷಾ ನಿಲ್ಲಿಸಿ ಹತ್ತಿಸಿಕೊಂಡವರೂ, ಮೀನು ಮಾರುತ್ತಾ ನನ್ನ ಕಷ್ಟಸುಖ ಕೇಳುವವರೂ ಇದೇ ಊರಿನವರು, ಎಲ್ಲ ಧರ್ಮದವರು. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದ್ದರಿಂದಲೇ ನಾನು ಏಕಾಂತ, ನಿರ್ಜನ, ಪ್ರಶಾಂತ ಎಂದು ಜಾಹೀರಾತಿನಲ್ಲಿ ಹೊಗಳಿಕೊಳ್ಳುವ ಜಾಗಗಳನ್ನು ಬಿಟ್ಟೆ. ಅಕ್ಕಪಕ್ಕ ಮನೆಗಳಿರುವ, ಜಗಲಿಯಲ್ಲಿ ಮುದುಕರು ಕುಳಿತಿರುವ, ಮಕ್ಕಳು ಸೈಕಲ್ ಓಡಿಸುವ ಬೀದಿಯೇ ಇರಲಿ ಎಂದುಕೊಂಡೆ. 112 ಎಂಬ ತುರ್ತು ಸಂಖ್ಯೆಯನ್ನು ಮೊಮ್ಮಗಳಿಗೂ ಬಾಯಿಪಾಠ ಮಾಡಿಸಿದೆವು.

ಕೊನೆಗೆ ಸಿಕ್ಕಿದ್ದು ಬೋಳೂರಿನ ಕಡೆ ಹೋಗುವ ರಸ್ತೆಯ ಹತ್ತಿರ ಒಂದು ಪುಟ್ಟ ಸರ್ವಿಸ್ ಅಪಾರ್ಟ್‌ಮೆಂಟ್. ಕಿಟಕಿಯಿಂದ ಕಾಣುವುದು ಎದುರು ಮನೆಯ ಹಲಸಿನ ಮರ ಮತ್ತು ಒಣಹಾಕಿದ ಬಟ್ಟೆ. ನೀರು ಎಲ್ಲಿಯೂ ಕಾಣುವುದಿಲ್ಲ. ಆದರೆ ಬಾಗಿಲಿನಿಂದ ನದಿಯ ದಡಕ್ಕೆ ನನ್ನ ನಡಿಗೆಯಲ್ಲಿ ಒಂಬತ್ತು ನಿಮಿಷ. ದಾರಿಯಲ್ಲಿ ಒಂದೇ ಒಂದು ಕಡೆ ದೊಡ್ಡ ರಸ್ತೆ ದಾಟಬೇಕು. ಕೂರಲು ಎರಡು ಕಡೆ ಕಟ್ಟೆ ಇದೆ. ಕೌಂಟರಿನಲ್ಲಿ ರಾತ್ರಿ ಪಾಳಿಗೆ ಒಬ್ಬ ವಯಸ್ಸಾದ ಕ್ರಿಶ್ಚಿಯನ್ ಮಹಿಳೆ. ಮೂವರು ಹೆಂಗಸರು ಬರುತ್ತಾರೆ ಎಂದಾಗ ಅವರು ಕೇಳಿದ್ದು, "ಅಜ್ಜಿಗೆ ಕಮೋಡ್ ಬೇಕಲ್ಲ? ಹಾಗಾದ್ರೆ ಕೆಳಗಿನ ರೂಮೇ ಕೊಡ್ತೇನೆ" ಎಂದು.

ದುಡ್ಡು ಕೊಡುವ ಮೊದಲು ರೂಮು ನೋಡಲು ಸಂಕೋಚಪಡಬೇಡಿ. ನಾನು ಒಳಗೆ ಹೋಗಿ ಬಾಗಿಲಿನ ಚಿಲಕ ಹಾಕಿ ತೆಗೆದು ನೋಡಿದೆ, ಸರಪಳಿ ಇದೆಯೇ, ಹೊರಗೆ ಯಾರಿದ್ದಾರೆಂದು ನೋಡುವ ತೂತು ಇದೆಯೇ ಎಂದು ನೋಡಿದೆ. ಇಂಟರ್‌ಕಾಮ್ ಎತ್ತಿ ಕೌಂಟರಿಗೆ ಫೋನ್ ಮಾಡಿದೆ. ಎಷ್ಟೋ ಕಡೆ ಅದು ಮೇಜಿನ ಮೇಲೆ ಅಲಂಕಾರಕ್ಕೆ ಇರುತ್ತದೆ. ಬೆಂಕಿ ಬಿದ್ದರೆ ಇಳಿಯಲು ಲಿಫ್ಟ್ ಬಿಟ್ಟು ಬೇರೆ ಮೆಟ್ಟಿಲಿದೆಯೇ, ಅದಕ್ಕೆ ಬೀಗ ಹಾಕಿಲ್ಲವಷ್ಟೇ ಎಂದು ಕೇಳಿದೆ. ಸ್ನಾನದ ಕೋಣೆಯ ನೆಲ ಒದ್ದೆ ಮಾಡಿ ಕಾಲಿಟ್ಟು ನೋಡಿದೆ. ನುಣುಪು ಟೈಲ್ಸ್ ಆಗಿತ್ತು. ರಬ್ಬರ್ ಹಾಸು ಬೇಕೆಂದೆ, ಕೊಟ್ಟರು. ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ, ಲೆಕ್ಕ 24 ಗಂಟೆಯದೇ ಅಥವಾ ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೇ ಎಂಬುದನ್ನೂ ಆಗಲೇ ಕೇಳಿಬಿಡಿ. ಕೊನೆಯ ದಿನದ ಜಗಳಗಳೆಲ್ಲ ಈ ಎರಡರಿಂದಲೇ ಹುಟ್ಟುತ್ತವೆ.

ಊಟದ ಚಿಂತೆ ಮಂಗಳೂರಿನಲ್ಲಿ ನಮಗಿಲ್ಲ. ಹಲಾಲ್ ಊಟ ಬೇಕಾದಷ್ಟು ಕಡೆ ಸಿಗುತ್ತದೆ, ಮೀನಿನ ಊಟವಂತೂ ಬೀದಿಗೊಂದು. ನಮಾಝ್‌ಗೆ ಮಾತ್ರ, ಎಲ್ಲ ಮಸೀದಿಗಳಲ್ಲಿ ಹೆಂಗಸರಿಗೆ ಸ್ಥಳವಿರುವುದಿಲ್ಲವಾದ್ದರಿಂದ, ಹೊರಗಿನ ಓಡಾಟವನ್ನು ರೂಮಿಗೆ ಮರಳುವ ಹೊತ್ತು ನೋಡಿಯೇ ಹಾಕಿಕೊಳ್ಳಬೇಕು. ಘಟ್ಟದವರಿಗೆ ಒಂದು ಸೂಚನೆ. ಇಲ್ಲಿನ ಬ್ಯಾರಿಗಳು ಶಾಫಿಈಗಳು, ನಾವು ಹನಫಿಗಳು. ಇಲ್ಲಿ ಅಸರ್ ಬಾಂಗ್ ನಮ್ಮ ಲೆಕ್ಕಕ್ಕಿಂತ ಬೇಗ ಆಗುತ್ತದೆ. ಮೊದಲ ದಿನ ಆಪಾ ಗಾಬರಿಯಾಗಿ ಗಡಿಯಾರ ನೋಡಿದಳು! ಕಿಬ್ಲಾ ಹುಡುಕುವುದೂ ಇಲ್ಲಿ ಸುಲಭ. ಪಶ್ಚಿಮಕ್ಕೆ, ಅಂದರೆ ಕಡಲ ಕಡೆಗೆ ಮುಖ ಮಾಡಿ ಸ್ವಲ್ಪ ಬಲಕ್ಕೆ ತಿರುಗಿದರಾಯಿತು.

ಆಪಾ ಬಂದದ್ದು ಸರಕಾರಿ ಬಸ್ಸಿನಲ್ಲಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಬಿಟ್ಟುಹೋಗಲು ಬಂದ ಮಗನೊಬ್ಬನಿಗೆ ಮಾತ್ರ ಟಿಕೆಟ್. "ನಮ್ಮನ್ನು ಕಾಯಲು ಬಂದವನಿಗೇ ಖರ್ಚು" ಎಂದು ಆಪಾ ನಕ್ಕಳು. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು, ಅಲ್ಲಿ ಈ ಸೌಲಭ್ಯವಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಮಗ ಆ ರಾತ್ರಿ ನಮ್ಮ ಮನೆಯಲ್ಲಿ ಮಲಗಿ ಮರುದಿನ ಬೆಳಗ್ಗೆ ಡ್ಯೂಟಿಗೆ ಹೊರಟುಹೋದ.

ಮೊದಲ ಸಂಜೆ ಆಪಾ ಒಂದು ಕಟ್ಟೆಯವರೆಗೆ ಬಂದು ಕುಳಿತುಬಿಟ್ಟಳು. ಬುರ್ಖಾದ ಮೇಲೆ ಶಾಲು ಹೊದ್ದು, ಹೋಗುವವರನ್ನೆಲ್ಲ ಓರೆಗಣ್ಣಿನಿಂದ ನೋಡುತ್ತಿದ್ದಳು. ಯಾರೂ ಆಕೆಯನ್ನು ನೋಡುತ್ತಿರಲಿಲ್ಲ. ಡಿಸೆಂಬರಿನ ಕೊನೆಯಲ್ಲಿ ಇಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬಾಂಗ್ ಕೇಳಿದೊಡನೆ ಎದ್ದು ವಾಪಸ್ ಹೊರಟೆವು. ಎರಡನೆಯ ಬೆಳಗ್ಗೆ ಫಜರ್ ಮುಗಿಸಿ, ಬೆಳಕು ಹರಿದ ಮೇಲೆ ಮಗಳ ಕೈ ಹಿಡಿದು ನದಿಯವರೆಗೆ ನಡೆದಳು. ಹದಿನೆಂಟು ನಿಮಿಷ ಹಿಡಿಯಿತೆಂದು ಮೊಮ್ಮಗಳು ಗಡಿಯಾರ ನೋಡಿ ಹೇಳಿದಳು. ಮೂರನೆಯ ದಿನ ನಾನು ಎಂಟೂವರೆಗೆ ಹೋದಾಗ ಮಗಳೂ ಮೊಮ್ಮಗಳೂ ರೂಮಿನಲ್ಲಿ ನಿದ್ದೆ ಮಾಡುತ್ತಿದ್ದರು, ಆಪಾ ಇರಲಿಲ್ಲ. ನನ್ನ ಎದೆ ಧಸಕ್ಕೆಂದಿತು. ಕೌಂಟರಿನ ಮಹಿಳೆ, "ಅಜ್ಜಿ ವಾಕಿಂಗ್ ಹೋಗಿದ್ದಾರೆ, ಬರುವಾಗ ಬನ್ಸ್ ತರ್ತೇನೆ ಅಂತ ಹೇಳಿದ್ದಾರೆ" ಎಂದರು. ನಾನು ದಾರಿಯಲ್ಲಿ ಎದುರಾಗಲು ಹೋದೆ. ಸುಲ್ತಾನ್ ಬತ್ತೇರಿಯ ಹತ್ತಿರ ಆಪಾ ಒಬ್ಬ ಮೀನಿನ ಹೆಂಗಸಿನ ಜೊತೆ ಬಂಗುಡೆಯ ರೇಟು ವಿಚಾರಿಸುತ್ತಾ ನಿಂತಿದ್ದಳು. ಆಕೆಗೆ ತುಳು ಬಾರದು, ಇವಳ ಕನ್ನಡ ಅವಳಿಗೆ ಅರ್ಧವೇ ತಿಳಿಯುವುದು. ಅಡುಗೆಮನೆಯೇ ಇಲ್ಲದ ಊರಲ್ಲಿ ಮೀನೇಕೆಂದು ಕೇಳಿದ್ದಕ್ಕೆ, "ಕೊಳ್ಳಲು ಯಾರು ಬಂದರು? ಮಾತಾಡಲು ಕೇಳಿದೆ" ಎಂದಳು.

ಆ ದಿನ ಅಸರ್‌ಗೆ ಮೊದಲು ದೋಣಿಯಲ್ಲಿ ತಣ್ಣೀರುಬಾವಿಗೂ ಹೋಗಿಬಂದೆವು. ದೋಣಿ ಹತ್ತುವಾಗ ಇಬ್ಬರು ಹುಡುಗರು ಆಚೀಚೆ ಕೈ ಕೊಟ್ಟರು. ಇಳಿತದ ಹೊತ್ತಾದ್ದರಿಂದ ಒದ್ದೆ ಮರಳು ಗಟ್ಟಿಯಾಗಿತ್ತು, ಆಪಾ ಚಪ್ಪಲಿ ಕಳಚಿ ನೂರು ಹೆಜ್ಜೆ ಹಾಕಿದಳು. ಅಲೆಗೆ ಕಾಲು ಕೊಡಲಿಲ್ಲ, ಭಯ.

ಮೂರು ರಾತ್ರಿಗೆ ಬಾಡಿಗೆ, ಊಟ, ರಿಕ್ಷಾ ಎಲ್ಲ ಸೇರಿ ಮಗ ಹೆದರಿದ್ದಕ್ಕಿಂತ ಕಡಿಮೆಯೇ ಆಯಿತು. ಆಪಾ ತನ್ನ ಬಳೆಯ ಡಬ್ಬಿಯಲ್ಲಿ ಕೂಡಿಟ್ಟಿದ್ದ ದುಡ್ಡಿನಿಂದಲೇ ಕೊಟ್ಟಳು, ಮಗನಿಂದ ತೆಗೆದುಕೊಳ್ಳಲಿಲ್ಲ. ಈಗ ದಾವಣಗೆರೆಯಲ್ಲಿ ಸಂಜೆ ಹೊತ್ತು ಪಕ್ಕದ ಮನೆಯ ಇಬ್ಬರನ್ನು ಕರೆದುಕೊಂಡು ಪಾರ್ಕಿಗೆ ಹೋಗುತ್ತಿದ್ದಾಳಂತೆ. ಅವರಲ್ಲೊಬ್ಬರಿಗೆ ಮಂಗಳೂರಿಗೆ ಬರುವ ಆಸೆ ಹುಟ್ಟಿದೆ. ಅವರ ತಾಯಿ ಗಾಲಿಕುರ್ಚಿಯಲ್ಲಿರುವುದು. ಆ ಅಪಾರ್ಟ್‌ಮೆಂಟಿನ ಮುಂಬಾಗಿಲಿಗೆ ಮೂರು ಮೆಟ್ಟಿಲಿದೆ, ಪಕ್ಕದಲ್ಲಿ ಇಳಿಜಾರು ಇದ್ದ ನೆನಪಿಲ್ಲ. ನಾಳೆ ಸಂಜೆ ಹೋಗಿ ನೋಡಿ ಬರಬೇಕು, ಹಾಗೆಯೇ ಆ ದೊಡ್ಡ ರಸ್ತೆಯನ್ನು ಕುರ್ಚಿ ತಳ್ಳಿಕೊಂಡು ಎಲ್ಲಿ ದಾಟಬಹುದೆಂದೂ.